ಹಸಿರು ಬಣ್ಣ ಕೆರೆದವನು

ಅವನ ಎರಡೂ ಕೆನ್ನೆಗಳ ಮೇಲೆ ಉದ್ದುದ್ದ ಗೆರೆಗಳಿದ್ದವು. ಕೂಸಾಗಿದ್ದಾಗ ಕೊಯ್ದು ಮಾಯ್ದ ಗಾಯದ ಗುರುತುಗಳು. ಇಚಲಕರಂಜಿಯ ನಮ್ಮ ಚಾಳಿನ ಮೇಲಿನ ಖೋಲಿಗೆ ಅವನು ಟ್ರಂಕು ಹೊತ್ತು ಬಂದ ದಿನ ಗಲ್ಲಿಯೆಲ್ಲ ಆ ಗೆರೆಗಳನ್ನೇ ನೋಡುತ್ತ ನಿಂತಿತ್ತು. ಅವ್ವ ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಅವೇನೆಂದು ಕೇಳಿಸಿಯೇಬಿಟ್ಟಳು. ಯಾವ ಮನೆತನದ ಮಗ ಎಂದು ಗುರುತು ಸಿಗಲಿ ಅಂತ ಅಜ್ಜಿ ಹಾಕಿಸಿದ್ದಂತೆ. ಅವ್ವ ಮುಂಗೈಯ ಹಚ್ಚೆ ತೋರಿಸಿದಳು. ‘ನನಗೂ ನಮ್ಮವ್ವ ಹಾಕ್ಸ್ಯಾಳ ತಮ್ಮಾ. ಒಳಗ ಬಾ, ಚಾ ಕುಡಿ.’

ಅವನು ನೈಜೀರಿಯಾದವನು, ನೇಯ್ಗೆಯ ಯಂತ್ರವಿದ್ಯೆ ಕಲಿಯಲು ಬಂದಿದ್ದ. ವರ್ಷದೊಳಗೆ ಗಲ್ಲಿಗೆಲ್ಲ ಅಣ್ಣನಾದ. ಪೇಟೆಯಲ್ಲಿ ಮರಾಠಿ, ನಮ್ಮಲ್ಲಿ ಕನ್ನಡ ಆಡುತ್ತಿದ್ದ. ಗಡಹಿಂಗ್ಲಜದಿಂದ ಮಾವ ತಂದ ಮೆಣಸಿನಕಾಯಿಯ ಚಟ್ನಿಯನ್ನು ರೊಟ್ಟಿಗೆ ದಪ್ಪಗೆ ಹಚ್ಚಿಕೊಂಡು, ‘ಭಾಳ ಛಾನ್ ಆಗೇತ್ರಿ ಅವ್ವಾರ, ಆದ್ರ ಖಾರ ಕಡಿಮಿ,’ ಎನ್ನುತ್ತಿದ್ದ.

ಮಾತೆಲ್ಲ ಕೊನೆಗೆ ಅವನ ಊರಿನ ಗಿರಣಿಗೆ ಬಂದು ನಿಲ್ಲುತ್ತಿತ್ತು. ಸರಕಾರ ಕಟ್ಟಿಸಿದ ಬಟ್ಟೆ ಗಿರಣಿ. ಗೇಟು ಇದೆ, ಉದ್ಘಾಟನೆಯ ಕಲ್ಲು ಇದೆ, ಒಳಗೆ ಒಂದೂ ಮಗ್ಗವಿಲ್ಲ. ದೇಶದ ನೆಲದಿಂದ ಎಣ್ಣೆ ಉಕ್ಕುತ್ತಿತ್ತು, ಆದರೆ ಅವನೂರಿಗೆ ಬಂದ ವಿದ್ಯುತ್ ಕಂಬಗಳಿಗೆ ತಂತಿ ಬಂದಿರಲಿಲ್ಲ. ಸೈನಿಕರ ಆಡಳಿತ; ಯಾರನ್ನು ಕೇಳುವುದು?

ಸೈನಿಕರು ಕೆಳಗಿಳಿದು, ಜನ ಆರಿಸಿದ ಸರಕಾರ ಬಂದ ಸುದ್ದಿ ಕೇಳಿದ ದಿನ ಅವನು ರೇಡಿಯೊ ಹಿಡಿದುಕೊಂಡೇ ಮೆಟ್ಟಿಲಿಳಿದು ಓಡಿ ಬಂದ. ಅವ್ವನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ‘ಅವ್ವಾ, ಇನ್ನ ನಾವು ಕೇಳಬಹುದು.’

‘ಇಳಸೋ ಮಾರಾಯಾ. ಏನ್ ಕೇಳ್ತಿ?’

‘ನಮ್ಮೂರ ಮಗ್ಗ ಎಲ್ಲಿ ಅಂತ.’

ಅಂದು ಗಲ್ಲಿಯಲ್ಲಿ ಅವನು ಹಂಚಿದ ಪೇಢೆ ತಿನ್ನದವರಿರಲಿಲ್ಲ.

ಮರುವರ್ಷ ಅದೇ ಗಿರಣಿಗೆ ಮಗ್ಗ ಕೊಳ್ಳಲು ಅವನ ಸೀಮೆಯಿಂದ ಇಬ್ಬರು ಕೊಲ್ಲಾಪುರಕ್ಕೆ ಬಂದಿಳಿದರು. ಒಬ್ಬ ಅಧಿಕಾರಿ, ಇನ್ನೊಬ್ಬರು ಹೊಸದಾಗಿ ಆರಿಸಿಬಂದ ಮುದುಕರು, ಕೋಕೊ ಬೆಳೆಯುವ ರೈತರು. ದುಭಾಷಿಯಾಗಿ ಅಣ್ಣನನ್ನು ಕರೆದರು. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗ್ಗದ ಶೆಡ್ಡಿನಲ್ಲಿ ಕೆಲಸಕ್ಕಿದ್ದ ನನಗೆ ಬಂದು ಹೇಳಿದ, ‘ನಾಳೆ ನಿನ್ನ ಮಾಲಕರ ಶೆಡ್ಡಿಗೆ ಬರ್ತೀವಿ. ಹೊಸಾ ಮಗ್ಗ ಅದಾವಂತಲ್ಲ?’

ಹೊಸವೇನೂ ಅಲ್ಲ ಅವು. ವಾರವಿಡೀ ನಾವು ಹಳೆಯ ಮಗ್ಗಗಳಿಗೆ ಹಸಿರು ಬಣ್ಣ ಹಚ್ಚಿದ್ದೆವು. ಯಾರಿಗೆ ಮಾರಲೆಂದು ಮಾಲಕರು ಹೇಳಿರಲಿಲ್ಲ. ಇದ್ದದ್ದನ್ನು ಹೇಳಿದೆ. ಅವನು ಎದ್ದು ಬಾಗಿಲು ಮುಚ್ಚಿದ. ಆಮೇಲೆ, ‘ನೀ ಬಾಯಿ ಬಿಡಬ್ಯಾಡ, ನಿನ್ನ ಕೆಲಸ ಹೋಗ್ತೈತಿ,’ ಎಂದ.

ಮರುದಿನ ಶೆಡ್ಡಿನಲ್ಲಿ ಮಾಲಕರು ಎಲ್ಲರಿಗೂ ಹಾರ ಹಾಕಿಸಿದರು. ಅಧಿಕಾರಿ ಅಣ್ಣನನ್ನು ಮೂಲೆಗೆ ಕರೆದು ಅವರ ಭಾಷೆಯಲ್ಲಿ ಏನೋ ಹೇಳಿದ. ಮಗ್ಗ ಚೆನ್ನಾಗಿವೆ ಎಂದರೆ ಗಿರಣಿಯ ಮ್ಯಾನೇಜರ್ ಕುರ್ಚಿ ನಿನಗೇ ಎಂದನಂತೆ. ಇದು ನನಗೆ ತಿಳಿದದ್ದು ಆಮೇಲೆ. ಅಣ್ಣ ನೇರ ಮುದುಕರ ಬಳಿ ಹೋಗಿ, ಜೇಬಿನಿಂದ ಖೋಲಿಯ ಕೀಲಿಕೈ ತೆಗೆದು ಮಗ್ಗದ ಮೇಲೆ ಕೆರೆದ. ಹಸಿರು ಸಿಪ್ಪೆ ಉದುರಿತು. ಕೆಳಗೆ ತುಕ್ಕು. ಮುದುಕರ ಬೆರಳು ಹಿಡಿದು ಅದರ ಮೇಲೆ ಇಟ್ಟ.

ಮಾಲಕರು ನನ್ನ ಕಡೆ ತಿರುಗಿದರು. ‘ಇವಗ ಯಾರ್ ಹೇಳಿದ್ರು?’

‘ಯಾರೂ ಹೇಳಿಲ್ರಿ, ಶೇಟ,’ ಎಂದ ಅಣ್ಣ. ‘ಮಗ್ಗದ ವಿದ್ಯಾ ಕಲ್ಯಾಕ ಬಂದೇನಿ. ಇಷ್ಟೂ ತಿಳಿಯೂದಿಲ್ಲೇನು?’

ಮುದುಕರು ಅಧಿಕಾರಿಗೆ ಮೆಲುದನಿಯಲ್ಲಿ ಏನೋ ಹೇಳಿ, ಹಾರ ತೆಗೆದಿಟ್ಟು ಕಾರಿನತ್ತ ನಡೆದರು. ಮನೆಗೆ ಬಂದ ಅಣ್ಣನ ಮುಖವೆಲ್ಲ ನಗು. ‘ಏನಂದ್ರು ಗೊತ್ತೇನು? ಈ ಮಗ್ಗ ಒಯ್ದ್ರ ಊರ ಹೆಣಮಕ್ಕಳು ನನ್ನ ಊರಾಗ ಬಿಟ್ಕೊಳ್ಳೂದಿಲ್ಲ, ಅವರೇ ವೋಟ್ ಹಾಕ್ಯಾರ ಅಂದ್ರು.’ ಆ ಮಾತನ್ನು ಅವನು ಗಲ್ಲಿಯ ಪ್ರತಿ ಬಾಗಿಲಲ್ಲೂ ಹೇಳಿ ಬಂದ.

ಖರೀದಿ ಮುರಿದುಬಿತ್ತು. ನನ್ನ ಕೆಲಸ ಉಳಿಯಿತು. ಮ್ಯಾನೇಜರ್ ಕುರ್ಚಿ ಮಾತ್ರ ಅಧಿಕಾರಿಯ ಕಡೆಯವನಿಗೆ ಹೋಯಿತು. ಓದು ಮುಗಿಸಿ ಊರಿಗೆ ಹೋದ ಅಣ್ಣ ಬೇಸರಪಡಲಿಲ್ಲವಂತೆ. ಮುದುಕರು ಹಟ ಹಿಡಿದು, ಕಂಬಗಳಿಗೆ ತಂತಿ ಎಳೆಸಿ ತರಿಸಿದ ಹೊಸ ಮಗ್ಗಗಳ ಮೇಲೆ ಹೆಣ್ಣುಮಕ್ಕಳಿಗೆ ನೇಯ್ಗೆ ಕಲಿಸಲು ನಿಂತ. ಕೆಲವೇ ವರ್ಷಗಳಲ್ಲಿ ಸೈನಿಕರು ಮತ್ತೆ ಗದ್ದುಗೆಯೇರಿದ ಸುದ್ದಿಯನ್ನು ರೇಡಿಯೊದಲ್ಲಿ ಕೇಳಿದೆವು. ಆಮೇಲೆ ಅವನ ಸುದ್ದಿ ನಿಂತಿತು.

ಒಂದು ದಿನ ಅವನೂರಿನ ಇನ್ನೊಬ್ಬ ವಿದ್ಯಾರ್ಥಿ ನಮ್ಮ ಮನೆ ಹುಡುಕಿಕೊಂಡು ಬಂದ. ಜ್ವರ ಬಂದು ಅಣ್ಣ ತೀರಿಕೊಂಡಿದ್ದ. ಅದಕ್ಕೂ ಮೊದಲು ಮಗ್ಗಗಳನ್ನು ಹೊತ್ತೊಯ್ಯಲು ಸೈನಿಕರ ಲಾರಿ ಬಂದಾಗ ನೇಯುವ ಹೆಣ್ಣುಮಕ್ಕಳೆಲ್ಲ ಗೇಟಿಗೆ ಅಡ್ಡ ಕೂತಿದ್ದರಂತೆ. ನಡುವೆ ಅಣ್ಣ. ಲಾರಿ ಬರಿದೇ ಹಿಂದಿರುಗಿತಂತೆ.

ಎಲ್ಲ ಕೇಳಿಸಿಕೊಂಡ ಅವ್ವ ನನಗೆ ಹೇಳಿದಳು, ‘ಗಿರಣಿ ಚಾಲೂ ಐತೇನು, ಕೇಳು.’

ಕೇಳಿದೆ. ‘ಐತಂತವಾ.’

ಆಗ ಅವಳು ಅತ್ತಳು. ಆ ದಿನ ಒಲೆ ಹಚ್ಚಲಿಲ್ಲ. ಮಗ ತೀರಿಕೊಂಡ ಮನೆಯಲ್ಲಿ ಹಚ್ಚುವುದಿಲ್ಲ.