ಪೆನ್ಸಿಲ್ ಚುಕ್ಕೆ

ನಾನಿನ್ನೂ ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಕುಮಟೆಯ ಬ್ಯಾಂಕಿಗೆ ಹೋಗಿ ರುಜುವಾತು ಮಾಡಿ ಬರಬೇಕು. ಪಿಂಚಣಿದಾರರಿಗೆ ಇದು ಗೊತ್ತು. ನಿಮಗೆ ಆ ಯೋಗ ಬಂದಿಲ್ಲವಾದರೆ ಸ್ವಲ್ಪ ತಾಳಿ. ಈ ಸಲ ಹತ್ತೂ ಬೆರಳು ಒತ್ತಿದರೂ ಯಂತ್ರ ನನ್ನನ್ನು ಒಪ್ಪಲಿಲ್ಲ. ಕೌಂಟರಿನ ತರುಣಿ ಯಂತ್ರ ನೋಡಿದಳು, ನನ್ನ ಮುಖ ನೋಡಿದಳು, ಕಡೆಗೆ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟಳು.

“ಬೆರಳು ಸವೆದು ಹೋಗಿದೆ ಸರ್. ನಾಳೆ ಬೇರೆ ಮಶಿನ್ ಬರ್ತದೆ. ಅಲ್ಲಿವರೆಗೆ ನಿಮ್ಮನ್ನ ‘ಇಲ್ಲ’ ಅಂತ ಬರೆಯೂದಿಲ್ಲ, ಆತಾ?”

ಆತು ಎಂದು ಹೊರಗೆ ಬಂದೆ. ಚುಕ್ಕೆ ಮಾತ್ರ ಮನೆಯವರೆಗೂ ನನ್ನ ಹಿಂದೆಯೇ ಬಂತು.

ಇಪ್ಪತ್ತೈದು ವರ್ಷಗಳ ಹಿಂದೆ ನಾನು ಸರ್ಕಾರಿ ಶಾಲೆಗಳ ತಪಾಸಣೆ ಮಾಡುತ್ತಿದ್ದೆ. ಹಸಿರು ಶಾಯಿಯಲ್ಲಿ ಸಹಿ ಹಾಕುವಷ್ಟು ದೊಡ್ಡ ಹುದ್ದೆಯಲ್ಲ. ಕೆಂಪು ಶಾಯಿಯಲ್ಲೇ ಆ ಆಸೆ ತೀರಿಸಿಕೊಳ್ಳುತ್ತಿದ್ದೆ. ಆಗೊಮ್ಮೆ ಭಟ್ಕಳ ಪೇಟೆಯಲ್ಲಿ ಗಲಾಟೆ ಎದ್ದಿತ್ತು. ಮೊದಲು ಶುರುಮಾಡಿದವರು ಯಾರು ಎಂಬುದಕ್ಕೆ ಎರಡೂ ಕಡೆಯವರಲ್ಲಿ ಒಂದೊಂದು ಕತೆಯಿತ್ತು. ಶಾಲೆಗಳು ಎಂದಿನಂತೆ ನಡೆಯುತ್ತಿವೆ ಎಂದು ಕಣ್ಣಾರೆ ಕಂಡು ವರದಿ ಮಾಡಬೇಕೆಂದು ಮೇಲಿನಿಂದ ಆದೇಶ ಬಂತು. ಆದೇಶದಲ್ಲೇ ಏನು ಕಾಣಬೇಕು ಎಂದೂ ಇದ್ದುದರಿಂದ ನನ್ನ ಕೆಲಸ ಹಗುರವಾಗಿತ್ತು.

ಹೆಬಳೆ ಕಡೆಯ ದಾರಿಯಲ್ಲಿ ಒಂದು ಶಾಲೆ, ಹೆಸರು ಬೇಡ. ನಮ್ಮಲ್ಲಿ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಅಲ್ಲಿನ ಗಿರಿಜಾ ಅಕ್ಕೋರು ಕರ್ಕಿಯವರು. ಅಷ್ಟು ದೂರದಿಂದ, ಆ ದಿನಗಳಲ್ಲೂ, ಸಿಕ್ಕ ಬಸ್ಸು ಹಿಡಿದು ಬರುತ್ತಿದ್ದರು. ನಾನು ಬಾಗಿಲಲ್ಲಿ ನಿಂತಾಗ ಏಳನೇ ತರಗತಿಯ ಹಾಜರಿ ನಡೆದಿತ್ತು. ಬೆಂಚುಗಳ ಮೇಲೆ ಇದ್ದವರು ನಾಲ್ಕೋ ಐದೋ ಮಕ್ಕಳು. ಅಕ್ಕೋರು ಮಾತ್ರ ಪೂರ್ತಿ ಪಟ್ಟಿ ಓದುತ್ತಿದ್ದರು. ಒಂದು ಹೆಸರು ಕರೆದು, ಉತ್ತರ ಬರುವಷ್ಟು ಹೊತ್ತು ಕಾದು, ಮುಂದಿನ ಹೆಸರಿಗೆ ಹೋಗುತ್ತಿದ್ದರು.

ಪುಸ್ತಕ ಇಸಿದುಕೊಂಡು ನೋಡಿದೆ. ಬಂದವರಿಗೆ ಗೀಟು, ಬಾರದವರಿಗೆ ಗೈರುಹಾಜರಿಯ ‘ಗೈ’, ಇದು ಪದ್ಧತಿ. ಇಲ್ಲಿ ಅರ್ಧಕ್ಕಿಂತ ಹೆಚ್ಚು ಹೆಸರುಗಳ ಮುಂದೆ ಹತ್ತು ದಿನಗಳಿಂದ ಬರೀ ಪೆನ್ಸಿಲ್ ಚುಕ್ಕೆಗಳು.

“ಇದೆಂತ ಅಕ್ಕೋರೇ? ಇದಕ್ಕೆ ‘ಗೈ’ ಇದೆಯಲ್ಲ?”

“‘ಗೈ’ ಅಂದ್ರೆ ಬರ್ಲಿಲ್ಲ ಅಂತ ಆತು ಸರ್. ಬರೂಕೆ ಆಗ್ಲಿಲ್ಲ ಅನ್ನೂಕೆ ನಿಮ್ಮ ಪುಸ್ತಕದಲ್ಲಿ ಅಕ್ಷರ ಇಲ್ಲ.”

ನನಗೆ ಸಿಟ್ಟು ಬಂತು. ಸರಿಯಾದ ಮಾತು ಕೇಳಿದರೆ ಸಿಟ್ಟು ಬರುವುದು ತಪಾಸಣೆ ಮಾಡುವವರಿಗೆ ಅಂಟಿದ ಕಾಯಿಲೆ. ಹಾಜರಿ ಪುಸ್ತಕದಲ್ಲಿ ಪೆನ್ಸಿಲ್ ಕೂಡದು, ಈಗಲೇ ಶಾಯಿಯಲ್ಲಿ ತಿದ್ದಿ ಎಂದೆ.

ಅಕ್ಕೋರು ದನಿ ತಗ್ಗಿಸಿದರು. “ಇಷ್ಟು ದಿನ ‘ಗೈ’ ಬಿದ್ರೆ ಹೆಸರು ತೆಗೀಬೇಕಾಗ್ತದೆ. ಉಳಿದವ್ರು ಹೆಂಗಾದ್ರೂ ತಿರುಗಿ ಬರ್ತ್ರು. ಈ ನಸೀಮಾ ಒಬ್ಳಿದ್ದಾಳೆ. ಅವಳ ಅಪ್ಪಂಗೆ ಮೊದಲೇ ಓದಿಸೂಕೆ ಮನಸ್ಸಿಲ್ಲ. ಮನೆಗೆ ಹೋಗಿ ಕೇಳ್ದೆ, ಒಂದು ತಿಂಗಳು ಕಳೀಲಿ ಅಂದ. ಅಲ್ಲಿವರೆಗೆ ಈ ಚುಕ್ಕೆ ಇರ್ಲಿ ಸರ್.”

ಇರಲಿ ಎನ್ನಬಹುದಿತ್ತು. ಅದಕ್ಕೆ ಯಾವ ಖರ್ಚೂ ಇರಲಿಲ್ಲ. ನಾನು ಹೊನ್ನಾವರದ ಬಸ್ಸಿಗೆ ಹೊತ್ತಾಯಿತೆಂದು ಗಡಿಯಾರ ನೋಡಿಕೊಂಡೆ.

ಅವರು ರಬ್ಬರು ಕೈಗೆತ್ತಿಕೊಂಡರು. ಚುಕ್ಕೆ ಅಳಿಸಿ ‘ಗೈ’ ಬರೆಯುವ ಮೊದಲು ಪ್ರತಿ ಹೆಸರನ್ನೂ ಇನ್ನೊಮ್ಮೆ ಗಟ್ಟಿಯಾಗಿ ಕರೆದರು. ನಸೀಮಾಳ ಹೆಸರು ಕರೆದು ಬಾಗಿಲ ಕಡೆ ನೋಡಿದರು. ಅಲ್ಲಿ ನಾನಿದ್ದೆ. ತಪಾಸಣಾ ಪುಸ್ತಕದಲ್ಲಿ ಕೆಂಪು ಶಾಯಿಯಿಂದ “ಹಾಜರಿ ಸರಿಪಡಿಸಲಾಗಿದೆ” ಎಂದು ಬರೆದು ಹೊರಟೆ. ಕಚೇರಿಯಲ್ಲಿ ಆ ವರದಿಗೆ ಶಭಾಸ್‌ಗಿರಿಯೂ ಸಿಕ್ಕಿತು.

ಬೇಸಿಗೆಯ ಹೊತ್ತಿಗೆ ಮತ್ತೆ ಹೋದಾಗ ಬೆಂಚುಗಳು ತುಂಬಿದ್ದವು. ಅಕ್ಕೋರು ಮುರುಗಲ ಹಣ್ಣಿನ ಪಾನಕ ಕೊಟ್ಟರು. ನಾನು ಕೇಳಲಿಲ್ಲ, ಅವರೇ ಹೇಳಿದರು. ತಿಂಗಳು ತುಂಬಿದ ದಿನವೇ ನಸೀಮಾ ತಾಯಿಯ ಜೊತೆ ಚೀಲ ಹಾಕಿಕೊಂಡು ಬಂದಿದ್ದಳಂತೆ. ಅಷ್ಟರಲ್ಲಿ ಹೆಸರು ಹೋಗಿತ್ತು. ಹೊಸದಾಗಿ ಸೇರಿಸಲು ಅಪ್ಪನ ಸಹಿ ಬೇಕು. ಸರ್ಕಾರವೇ ಹೆಸರು ತೆಗೆದ ಮೇಲೆ ತಾನೆಂತ ಮಾಡುವುದು ಎಂದನಂತೆ ಆತ. ಅವಳು ಮತ್ತೆ ಬರಲಿಲ್ಲ.

“ಪಾನಕಕ್ಕೆ ಬೆಲ್ಲ ಸಾಕಾ ಸರ್?” ಎಂದು ಕೇಳಿದರು ಅಕ್ಕೋರು.

ಸಾಕು ಎಂದೆ. ಬೈದಿದ್ದರೆ ಬೈಗುಳಕ್ಕೊಂದು ಜವಾಬು ಹುಡುಕಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ನನಗೆ ನಾಚಿಕೆಯಾಯಿತು, ಆದರೆ ಅದನ್ನು ಯಾವ ವರದಿಯಲ್ಲೂ ಬರೆಯಲಿಲ್ಲ, ಮನೆಯಲ್ಲೂ ಹೇಳಲಿಲ್ಲ.

ತರುಣಿ ಚುಕ್ಕೆ ಇಟ್ಟ ಮರುದಿನ ಮತ್ತೆ ಬ್ಯಾಂಕಿಗೆ ಹೋದೆ. ಹೊಸ ಯಂತ್ರ ನನ್ನ ಎಡಗೈ ಹೆಬ್ಬೆರಳನ್ನು ಒಪ್ಪಿತು. ತರುಣಿ ರಬ್ಬರಿನಿಂದ ಚುಕ್ಕೆ ಅಳಿಸಿ ಪೆನ್ನಿನಲ್ಲಿ ಗೀಟು ಹಾಕಿದಳು.

“ಪೆನ್ಸಿಲ್ ಹಾಕೂದು ರೂಲ್ಸಲ್ಲಿ ಇಲ್ಲ ಸರ್, ಯಾರಿಗೂ ಹೇಳ್ಬೇಡಿ. ನಿಮ್ಮ ಇಲಾಖೆಯಲ್ಲಿ ಹೀಂಗೆಲ್ಲ ನಡೀತಿತ್ತಾ?”

“ಒಬ್ರು ಅಕ್ಕೋರು ಹಾಕ್ತಿದ್ರು,” ಎಂದೆ. “ನಾನೇ ಅಳಿಸ್ದೆ.”