ಒಂದು ಖಾರ, ನಾಲ್ಕು ಬಾಯಿ

ನಿನ್ನೆ ಮಧ್ಯಾಹ್ನ ಪಕ್ಕದ ಮನೆಯವರು ಒಣಮೆಣಸಿನಕಾಯಿ ಹುರಿದರು. ಮೊದಲು ಕೆಮ್ಮಿದ್ದು ನಾನು. ಆಮೇಲೆ ಕೆಳಗಿನ ಮನೆಯ ನಾಯಿ. ಅದರ ಹಿಂದೆಯೇ, ನಮ್ಮ ಬಾಗಿಲಲ್ಲಿ ನಿಂತು ನೀರು ಶುದ್ಧ ಮಾಡುವ ಯಂತ್ರದ ಗುಣಗಾನ ನಡೆಸಿದ್ದ ಟೈ ಕಟ್ಟಿದ ಮಾರಾಟಗಾರ. ಪಾಪ, ಅವನು ಕಣ್ಣೊರೆಸಿಕೊಂಡು, ಬಿಟ್ಟ ಜಾಗದಿಂದಲೇ ಮಾತು ಎತ್ತಿಕೊಂಡ. ಅದೇ ಮಾತನ್ನು ಅವನು ಮೇಲಿನ ಮನೆಯ ಡಾಕ್ಟರಿಗೂ ಎದುರುಮನೆಯ ಅಜ್ಜಿಗೂ ಒಪ್ಪಿಸಿದ್ದನ್ನು ನಾನು ಆಗಲೇ ಕೇಳಿದ್ದೆ. ಒಂದಕ್ಷರ ಆಚೀಚೆ ಇರಲಿಲ್ಲ. ಆ ಘಾಟಿನಲ್ಲಿ ನನಗೆ ದೊಡ್ಡವ್ವ ನೆನಪಾದಳು. ಅವಳಿದ್ದಿದ್ದರೆ ಅವನನ್ನು ಒಳಗೆ ಕರೆದು, ಚಹಾ ಕೊಟ್ಟು, ನಾಲಿಗೆ ರಿಪೇರಿ ಮಾಡಿ ಕಳಿಸುತ್ತಿದ್ದಳು. ಯಂತ್ರ ಮಾತ್ರ ಕೊಳ್ಳುತ್ತಿರಲಿಲ್ಲ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ, ಗೌರವ್ವ. ಬೆಳಗಾವಿಯಲ್ಲಿ ಕೋಟೆಗೆ ಹೋಗುವ ದಾರಿಯಲ್ಲಿ ಅವಳ ಮನೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾನು ಬಿ.ಎ. ಮುಗಿಸಿ, ಕೆಲಸ ಹುಡುಕುತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿಕೊಂಡು, ಅವಳ ಮನೆಯಲ್ಲಿ ಎರಡು ಹೊತ್ತೂ ಉಂಡುಕೊಂಡಿದ್ದೆ. ದೊಡ್ಡಪ್ಪ ನಿವೃತ್ತ ಗಣಿತದ ಮಾಸ್ತರರು. ಮಾತು ಆಡಿದರೆ ಸವೆದು ಹೋದೀತೆಂದು ಕಪಾಟಿನಲ್ಲಿ ಇಟ್ಟು ಕೀಲಿ ಹಾಕಿದಂಥ ಮನುಷ್ಯ. ಊಟ ಹೇಗಿತ್ತು ಎಂದು ಯಾರಾದರೂ ಕೇಳಿದರೆ "ಆತು" ಅನ್ನುವರು. ಅದು ಉತ್ತರವೋ, ಏಳುವ ಸೂಚನೆಯೋ ಯಾರಿಗೂ ತಿಳಿಯುತ್ತಿರಲಿಲ್ಲ.

ಹೆಣ್ಣುಮಕ್ಕಳ ಮದುವೆಯಾಗಿ ಮನೆ ಖಾಲಿಯಾದ ಮೇಲೆ ದೊಡ್ಡವ್ವ ಮಸಾಲಿ ಖಾರ ಕುಟ್ಟಿ ಮಾರಲು ಹೊರಟಳು. ಮೆಣಸಿನಕಾಯಿ, ಕೊಬ್ಬರಿ, ಬಳ್ಳೊಳ್ಳಿ, ಕೊತ್ತಂಬರಿ, ಲವಂಗ, ಚಕ್ಕೆ. ಇನ್ನೂ ಏನೇನೋ ಇದ್ದವು, ಅದನ್ನು ಕೇಳಿದವರಿಗೆ ಅವಳು ಬೇರೆ ಸುದ್ದಿ ತೆಗೆಯುತ್ತಿದ್ದಳು. ದೊಡ್ಡಪ್ಪ ಬೇಡವೆನ್ನಲಿಲ್ಲ. ಒಂದೇ ಒಂದು ಕರಾರು ಹಾಕಿದರು.

"ಒಬ್ಬರಾದ್ರೂ ಬಾಗಲಕ್ಕ ಬಂದು ನಿನ್ನ ಖಾರದ ಸಲುವಾಗಿ ಜಗಳಾ ತಗದ್ರ, ಅವತ್ತ ಒರಳು ಮೂಲಿಗೆ."

ಅವರು ಹೇಳಿದರೆ ಹೇಳಿದ್ದೇ. ಹಾಗಾಗಿ ದೊಡ್ಡವ್ವನ ಜೀವವೆಲ್ಲ ಆ ಒರಳಿನ ಮೇಲಿತ್ತು. ಅದು ಮೂಲೆ ಸೇರಿದರೆ ತಾನೂ ಸೇರಿದಂತೆ ಎಂದು ಅವಳು ನನ್ನೆದುರು ಒಮ್ಮೆ ಅಂದಿದ್ದಳು, ಬೆಳ್ಳುಳ್ಳಿ ಸುಲಿಯುತ್ತ, ತಲೆ ಎತ್ತದೆ.

ಮಾರುವ ಮಾತು ಬರೆಯುವ ಕೆಲಸ ನನ್ನದಾಯಿತು. ಓದಿದವನಲ್ಲವೇ! ಮೊದಲ ದಿನ ಶಹಾಪುರದ ಓಣಿಯಲ್ಲಿ ನಿಂತು, ರಾತ್ರಿಯೆಲ್ಲ ತಿದ್ದಿ ತೀಡಿದ್ದನ್ನು ಕೂಗಿದೆ: "ರಸನೆಗೆ ರಾಜಯೋಗ ತರುವ, ಪಾಕಪ್ರವೀಣೆಯರ ಪರಮಮಿತ್ರವಾದ..." ಒಂದು ಕಿಟಕಿ ತೆರೆಯಿತು. "ಯಾವ ನಾಟಕ ಕಂಪನೀರಿ? ಆಟ ಎಷ್ಟಕ್ಕ ಚಾಲೂ?" ಎಂದು ಒಬ್ಬಾಕೆ ಕೇಳಿದಳು. ನಾನು ಚೀಲ ಎತ್ತಿಕೊಂಡು ಮನೆಗೆ ಬಂದೆ.

ದೊಡ್ಡವ್ವ ನಕ್ಕು ನಕ್ಕು ಸುಸ್ತಾದಳು. "ನಿಮ್ಮಜ್ಜನ ಹೊಟ್ಟ್ಯಾಗ ಹುಟ್ಟಿದ ಮಗಳ ಮನ್ಯಾಗಿದ್ದು ಇಷ್ಟೂ ತಿಳೀಲಿಲ್ಲೇನೋ ತಮ್ಮಾ?" ಅಂದಳು. ಅಜ್ಜ ಹೊಲದಲ್ಲಿ ಎತ್ತುಗಳಿಗೆ "ಯಪ್ಪಾ, ನನ್ನ ರಾಜಾ, ಇನ್ನೊಂದೀಟ ಎಳಿಯಪಾ" ಅನ್ನುತ್ತಿದ್ದ. ಮಕ್ಕಳಿಗೆ "ಏಳೋ ಎತ್ತ" ಅನ್ನುತ್ತಿದ್ದ. ಎರಡೂ ಕಡೆ ಕೆಲಸವಾಗುತ್ತಿತ್ತು. ನಾನು ಮಾತು ಕಲಿತದ್ದು ಇಂಥವರ ತೊಡೆಯ ಮೇಲೆ. ಕಾಲೇಜಿಗೆ ಹೋಗಿ ಅದನ್ನು ಮರೆಯಲು ಮೂರು ವರ್ಷ ಹಿಡಿಯಿತು.

ಅಲ್ಲಿಂದ ಇಬ್ಬರೂ ಕೂತು ಒಂದೊಂದು ಪೇಟೆಗೆ ಒಂದೊಂದು ಬಾಯಿ ತಯಾರಿಸಿದೆವು. ಖಾರ ಒಂದೇ, ಒಂದೇ ಒರಳು, ಒಂದೇ ಡಬ್ಬಿ.

ಶಹಾಪುರದ ನಮ್ಮವರ ಓಣಿಗಳಲ್ಲಿ ಹೊಗಳಬಾರದು. ಹೊಗಳಿದರೆ ಸಂಶಯ ಬರುತ್ತದೆ. ಅಲ್ಲಿ ಕಟ್ಟೆಗೆ ಕೂತು, ಮೆಲ್ಲನೆ, "ಜಳಕಾ ಮಾಡಿ, ವಿಭೂತಿ ಹಚ್ಚಿಕೊಂಡು ಕುಟ್ಟಿದ್ದರಿ ಯವ್ವಾ. ಬದನಿಕಾಯಿ ಎಣ್ಣಿಗಾಯಿಗೆ ಹಾಕ್ರಿ. ಬಾಜೂಮನಿಯವರು ನಿನ್ನೆ ಒಯ್ದಾರ" ಅನ್ನಬೇಕು. ಕೊನೆಯ ವಾಕ್ಯವೇ ಖಾರ ಮಾರುತ್ತಿತ್ತು; ಉಳಿದದ್ದು ಅದರ ಚೀಲ.

ಕೋಟೆಯ ಬಾಜೂ ಗಲ್ಲಿಯ ಬೀಬಿಯರ ಮನೆಗಳಲ್ಲಿ ಖಾರದ ಹೆಸರನ್ನೇ ಎತ್ತಬಾರದು. ಮಕ್ಕಳ ಆರೋಗ್ಯ, ಅತ್ತೆಯ ಮೊಣಕಾಲು, ಎಲ್ಲ ವಿಚಾರಿಸಿ, ಚಹಾ ಕುಡಿದು, ಎದ್ದು ಚಪ್ಪಲಿ ಮೆಟ್ಟುವಾಗ "ಅಯ್ಯ, ಚೀಲದಾಗ ಖಾರ ಹಂಗ ಉಳೀತಲ್ಲ" ಅನ್ನಬೇಕು. ಆ ಓಣಿಗೆ ದೊಡ್ಡವ್ವ ತಾನೇ ಹೋಗುತ್ತಿದ್ದಳು. ನನ್ನ ಮುಖದಲ್ಲಿ ಅಷ್ಟು ತಾಳ್ಮೆ ಇಲ್ಲವೆಂದು ಅವಳ ಅಭಿಪ್ರಾಯ.

ಮಿಲಿಟರಿಯವರ ಕ್ಯಾಂಪಿನ ಬಂಗಲೆಗಳಲ್ಲಿ ನಾನು ಸಿಪಾಯಿಯಂತೆ ನೆಟ್ಟಗೆ ನಿಲ್ಲಬೇಕು. "ಮಸಾಲೆ ಪುಡಿ. ಸ್ವಚ್ಛ. ಖಾರ ಕಡಿಮೆ. ಮಟನ್ ಕರಿಗೆ ಒಂದು ಚಮಚ." ಇಷ್ಟೇ. ಐದನೇ ಮಾತು ಆಡಿದರೆ ಗೇಟು ಮುಚ್ಚುತ್ತಿತ್ತು.

ಇನ್ನು ಖಾನಾಪುರ. ಅಲ್ಲಿ ಸಂತೆಯಲ್ಲಿ ಗಿರಾಕಿಯನ್ನು ಕೆಣಕದಿದ್ದರೆ ಅವರಿಗೆ ಅವಮಾನ. ಕನ್ನಡ ಮರಾಠಿ ಕಲಸಿ, ಸೊಂಟಕ್ಕೆ ಕೈ ಇಟ್ಟು, "ತಾಯಿ, ನಿಮಗಿದು ಬ್ಯಾಡ ಬಿಡ್ರಿ. ಬಾಂಗಡಾ ಮೀನಿನ ಸಾರಿಗೆ ಮೂರು ಚಮಚ ಹಾಕಬೇಕು, ಕಿವ್ಯಾಗ ಹೊಗಿ ಬರತೈತಿ. ಧೈರ್ಯ ಇದ್ರ ಒಯ್ರಿ, ಇಲ್ಲಾಂದ್ರ ಮುಂದ ಹೋಗ್ರಿ" ಎಂದು ನಾನು ಅರಚುತ್ತಿದ್ದೆ. ಯಾರೂ ಮುಂದೆ ಹೋಗುತ್ತಿರಲಿಲ್ಲ.

ನೀವೇ ಹೇಳಿ, ಇದರಲ್ಲಿ ತಪ್ಪೇನಿದೆ? ಆದರೆ ಒಂದು ಲೆಕ್ಕ ನಾವು ಹಾಕಿರಲಿಲ್ಲ. ಪೇಟೆಗಳು ಬೇರೆ ಬೇರೆ ಇದ್ದರೂ ರೈಲು ಒಂದೇ.

ಅದೊಂದು ಸಂತೆಯ ದಿನ ಖಾನಾಪುರಕ್ಕೆ ಹೊರಟಿದ್ದೆವು. ದೊಡ್ಡವ್ವನ ತೊಡೆಯ ಮೇಲೆ ಖಾರದ ಡಬ್ಬಿ. ಅವಳ ಬಾಜೂಗೆ ಕಿಟಕಿಯಲ್ಲಿ ದೊಡ್ಡಪ್ಪ. ತಂಗಿಯ ಮನೆಗೆಂದು ಹೊರಟವರು, ಮುಖಕ್ಕೆ ಪೇಪರು ಹಿಡಿದಿದ್ದರು. ಎದುರು ಸೀಟಿನಲ್ಲಿ ಶಹಾಪುರದ ವ್ಯಾಪಾರಿ ಮನೆತನದ ಹಿರಿಯಳು, ಸಂಗವ್ವ ಆಯಿ. ಮೊಮ್ಮಗನ ಮದುವೆ ನಿಕ್ಕಿಯಾಗಿತ್ತು. ಮದುವೆಯ ಅಡುಗೆಗೆ ದೊಡ್ಡವ್ವನ ಖಾರವನ್ನೇ ತರಿಸಬೇಕೆಂದು ಆಯಿ ಅರ್ಧ ಮನಸ್ಸು ಮಾಡಿದ್ದಳು. "ಖಾನಾಪುರದಾಗ ಮಗಳನ್ನ ಒಂದ ಮಾತ ಕೇಳಿ ಹೇಳ್ತೀನಿ" ಅಂದಿದ್ದಳು. ಆ ಮನೆಯ ಪಂಕ್ತಿಯಲ್ಲಿ ಬಡಿಸಿದ ಖಾರವನ್ನು ಊರಲ್ಲಿ ಇನ್ನಾರೂ ಪ್ರಶ್ನಿಸುವಂತಿರಲಿಲ್ಲ. ದೊಡ್ಡವ್ವ ಎರಡು ದಿನದಿಂದ ನೆಲದ ಮೇಲೆ ಕಾಲಿಟ್ಟಿರಲಿಲ್ಲ.

ದೇಸೂರ ಸ್ಟೇಷನ್ನಿನಲ್ಲಿ ಎದುರಿನ ಗಾಡಿ ಬರಲೆಂದು ನಮ್ಮದನ್ನು ನಿಲ್ಲಿಸಿದರು. ನಿಲ್ಲಿಸುವಾಗ ಇಂಜಿನ್ನು ಕೊಟ್ಟ ಧಕ್ಕೆಗೆ ಡಬ್ಬಿಯ ಮುಚ್ಚಳ ಸಡಿಲಾಯಿತು. ರೈಲು ಡಬ್ಬದ ತುಂಬ ಜನ ಸೀನಿದರು. ಸೀನು ನಿಂತ ಮೇಲೆ ಹಿಂದಿನ ಸೀಟಿನಿಂದ ಒಂದು ಬೋಳುತಲೆ ಎದ್ದಿತು. ಕ್ಯಾಂಪಿನ ಬಂಗಲೆಯ ಅಡುಗೆಯವನು, ಪಾಸ್ಕಲ್. ಲೋಂಡಾಕ್ಕೆ ತನ್ನ ಮನೆಗೆ ಹೊರಟಿದ್ದ.

"ಬಾಯಿ! ಇದು ನಮ್ಮ ಮಸಾಲಾ ಅಲ್ಲಾ? ಮೊನ್ನೆ ಮಟನ್ ಕರಿಗೆ ಹಾಕಿದ್ನಿ. ಸಾಹೇಬರು ಪ್ಲೇಟು ನೆಕ್ಕಿದ್ರು!"

ಸಂಗವ್ವ ಆಯಿಯ ಕೈ ಕೊರಳಿನ ಲಿಂಗಕ್ಕೆ ಹೋಯಿತು.

ಬಾಗಿಲ ಬಳಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಖಾನಾಪುರದ ಯಮುನಾಬಾಯಿ ತಿರುಗಿದಳು. "ಮಟನ್‌ಗ ಯಾಕ ಹಾಕ್ತಿ ಭಾವೂ? ಇದು ಬಾಂಗಡಾದ ಖಾರ. ಇಂವಾ ನೋಡು, ಇಂವಾನ ನನಗ ಸಂತ್ಯಾಗ ಹೇಳಿದ್ದು. ಧೈರ್ಯ ಇದ್ರ ಒಯ್ರಿ ಅಂತ!"

"ಧೈರ್ಯ ಯಾಕ? ನಮಗ ಖಾರ ಕಡಿಮಿ ಅಂದಿದ್ನಲ್ಲ!"

"ಕಡಿಮಿ? ಅಗಬಾಯಿ! ನಮ್ಮ ಮನಿಯವರು ಉಂಡು ಬಾವಿಕಟ್ಟಿಗೆ ಹೋಗಿ ಕುಂತಿದ್ರು!"

ಇಬ್ಬರೂ ನನ್ನತ್ತ ನೋಡಿದರು. ನಾನು ದೇಸೂರದ ಸಿಗ್ನಲ್ ಕಂಬವನ್ನು ನೋಡಿದೆ. ದೊಡ್ಡಪ್ಪನ ಪೇಪರು ಒಂದಂಗುಲ ಕೆಳಗಿಳಿಯಿತು.

"ಗೌರವ್ವಾ," ಅಂದಳು ಆಯಿ. "ನಮ್ಮ ಓಣ್ಯಾಗ ಇದು ವಿಭೂತಿ ಹಚ್ಚಿಕೊಂಡು ಕುಟ್ಟಿದ್ದಂದಿದ್ದಿ."

"ಹೌದ್ರಿ ಆಯಿ. ಹಂಗ ಕುಟ್ಟೀನಿ."

"ಮತ್ತ ಈ ಬಾಂಗಡಾ?"

"ಅದು ಕುಟ್ಟಿದ ಮ್ಯಾಲಿಂದ್ರಿ. ಮಗಳನ್ನ ಕೊಟ್ಟ ಮ್ಯಾಲೆ ಅವರ ಮನ್ಯಾಗ ಆಕಿ ಏನ ಉಣ್ತಾಳಂತ ನಾವು ಹೋಗಿ ನೋಡತೀವೇನ್ರಿ?"

ಡಬ್ಬದಲ್ಲಿ ಯಾರೋ ಕಿಸಕ್ಕೆಂದರು. ಆಯಿ ನಗಲಿಲ್ಲ. "ಅದ ಇರಲಿ. ಒಂದ ಖಾರ ಅವರಿಗೆ ಕಡಿಮಿ, ಇವರಿಗೆ ಜಾಸ್ತಿ ಹೆಂಗ ಆಗತೈತಿ? ಇಬ್ಬರೊಳಗ ಯಾರಿಗೆ ಸುಳ್ಳ ಹೇಳಿದಿ?"

"ಯಾರಿಗೂ ಇಲ್ರಿ. ಪಾಸ್ಕಲ್, ನಿನಗ ಎಷ್ಟ ಚಮಚ ಹಾಕಂತ ಹೇಳಿತ್ತು?"

"ಒಂದು."

"ನಿಮಗರೀ, ಯಮುನಾಬಾಯಿ?"

"ಮೂರು."

"ನೋಡ್ರಿ ಆಯಿ. ಖಾರ ಒಂದ ಐತಿ, ಚಮಚ ಬ್ಯಾರೆ ಅದಾವ."

"ಮತ್ತ ನಮಗ ಎಷ್ಟಂತ ಹೇಳ್ಲೇ ಇಲ್ಲಲ್ಲ?"

"ನಿಮ್ಮ ಸೊಸ್ತ್ಯಾರಿಗೆ ಹೇಳಾಕ ನೀವಿದ್ರಲ್ರಿ. ನಾ ಯಾಕ ನಡುವ ಬಾಯಿ ಹಾಕಲಿ?"

ಆಯಿಯ ತುಟಿಯ ಒಂದು ತುದಿ ಅಲುಗಿತು. ನಾವು ಗೆದ್ದೆವು ಅಂದುಕೊಂಡೆ. ಆದರೆ ಆಯಿ ವ್ಯಾಪಾರಿಗಳ ಮನೆಯಲ್ಲಿ ಅರವತ್ತು ವರ್ಷ ಬಾಳಿದವಳು. ಒಳ್ಳೆಯ ಮಾತು ಕೇಳಿದರೆ ಮೊದಲು ಸಂಶಯಪಡುವವಳು.

"ಈಗ ಆಡಿದ್ದೂ ನನ್ನ ಸಲುವಾಗಿ ಮಾಡಿದ ಮಾತ ಅಲ್ಲೇನ ಗೌರವ್ವಾ?" ಅಂದಳು. "ಅವರಿಗೊಂದು, ಇವರಿಗೊಂದು, ನನಗೊಂದು. ನಿನ್ನ ಮಾತಿನ ಮ್ಯಾಲೆ ಮದುವಿ ಅಡಗಿ ಮಾಡಸಾಕ ಆಗೂದಿಲ್ಲವಾ."

ದೊಡ್ಡವ್ವ ಬಾಯಿ ತೆರೆದಳು. ಎಲ್ಲ ಓಣಿಗಳೂ ಒಟ್ಟಿಗೆ ಎದುರು ಕೂತಾಗ ಯಾವ ಓಣಿಯ ಮಾತು ಆಡಬೇಕು? ಅವಳನ್ನು ಮಾತಿಲ್ಲದೆ ನಾನು ಕಂಡದ್ದು ಅದೊಂದೇ ಸಲ.

ಆಗ ಆಯಿ ಕಿಟಕಿಯ ಕಡೆ ತಿರುಗಿದಳು. "ಮಾಸ್ತರ, ನೀವು ಹೇಳ್ರಿ. ನಿಮ್ಮ ಬಾಯಾಗ ಎಣ್ಣಿ ಹಚ್ಚಿದ ಮಾತ ಬರೂದಿಲ್ಲಂತ ಊರಿಗೇ ಗೊತ್ತೈತಿ. ಖಾರ ಹೆಂಗೈತಿ?"

ಕರಾರು ಹಾಕಿದವರೇ ಇವರು. ಇದಕ್ಕಿಂತ ದೊಡ್ಡ ಜಗಳ ಇನ್ನೆಲ್ಲಿ ಬಂದೀತು? "ಐತಿ" ಎಂದು ಹೇಳಿ ಮತ್ತೆ ಪೇಪರಿನೊಳಗೆ ಹೋದರೆ ಮದುವೆಯೂ ಹೋಯಿತು, ಒರಳೂ ಹೋಯಿತು. ದೊಡ್ಡಪ್ಪ ಪೇಪರನ್ನು ನಾಲ್ಕು ಮಡಿಕೆ ಮಾಡಿದರು. ಕನ್ನಡಕ ತೆಗೆದು ಧೋತರದ ಅಂಚಿಗೆ ಒರೆಸಿದರು. ಕಠಿಣ ಲೆಕ್ಕ ಬಿಡಿಸುವ ಮೊದಲು ಅವರು ಹಾಗೆ ಮಾಡುತ್ತಿದ್ದರಂತೆ.

"ಹೊರಗ ಊರಿಗೆ ಹ್ವಾದಾಗ ನಾ ಊಟಾ ಮಾಡೂದಿಲ್ರಿ," ಅಂದರು. "ಮನಿಗೆ ಬರೂತನಾ ಬರೇ ಚಹಾದ ಮ್ಯಾಲೆ ಇರ್ತೀನಿ."

ಅಷ್ಟೇ. ಪಾಸ್ಕಲ್ ಸೀನಲೆಂದು ಎತ್ತಿದ ಕರವಸ್ತ್ರವನ್ನು ಹಾಗೆಯೇ ಹಿಡಿದುಕೊಂಡಿದ್ದ. ಯಮುನಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದೊಡ್ಡವ್ವ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಇಷ್ಟ ವರ್ಷಕ್ಕ ಇವತ್ತ ಹೇಳ್ತೀರೇನ್ರಿ? ಅದೂ ಮಂದ್ಯಾಗ?"

"ಆಯಿ ಕೇಳಿದ್ರು, ಹೇಳಿದ್ನಿ. ನೀ ಎಂದ ಕೇಳಿದ್ದಿ?"

ಎದುರಿನ ಗಾಡಿ ಸಿಳ್ಳು ಹೊಡೆಯುತ್ತ ದಾಟಿ ಹೋಯಿತು. ನಮ್ಮದೂ ಜಗ್ಗಿ ಹೊರಟಿತು. ಸಂಗವ್ವ ಆಯಿ ಖಾನಾಪುರ ಹತ್ತಿರ ಬಂದಾಗ ನನ್ನನ್ನು ಕರೆದಳು. "ತಮ್ಮಾ, ಮದುವಿಗೆ ಎಂಟ ದಿನ ಮೊದಲ ಖಾರ ಮುಟ್ಟಸು. ನಿನ್ನ ಬಾಯಿ ಮಾತ್ರ ಮನ್ಯಾಗ ಇಟ್ಟು ಬಾ." ಮಗಳನ್ನು ಕೇಳುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಪ್ಲಾಟ್‌ಫಾರ್ಮಿಗೆ ಇಳಿದ ಮೇಲೆ ದೊಡ್ಡವ್ವ ಗಂಡನ ಹಿಂದೆ ಹಿಂದೆ ನಡೆದಳು. "ಜಗಳಾ ಬಂತಲ್ರಿ... ಒರಳು..." ಅಂದಳು.

"ಬಾಗಲಕ್ಕ ಬಂದ್ರ ಅಂತ ಹೇಳಿದ್ನಿ," ಅಂದರು ದೊಡ್ಡಪ್ಪ, ತಿರುಗಿ ನೋಡದೆ. "ಇದು ರೇಲ್ವೆ ಖಾತೆಗೆ ಬಂದದ್ದು."

ಮುಂದೆ ನಾನು ಹೊಟ್ಟೆಪಾಡಿಗೆ ಜಾಹೀರಾತು ಬರೆಯುವವನೇ ಆದೆ. ಸೀರೆ ಅಂಗಡಿ, ಸೈಕಲ್ಲು, ಮಕ್ಕಳ ಟಾನಿಕ್ಕು, ಎಲ್ಲಕ್ಕೂ ಬರೆದೆ. ಯಾವ ಊರಿಗೆ ಯಾವ ಬಾಯಿ ಎಂಬುದು ನನ್ನ ಬೆರಳ ತುದಿಯಲ್ಲಿತ್ತು. ದೊಡ್ಡಪ್ಪನ ಮಾತನ್ನು ಒಮ್ಮೆ ಕದ್ದು ಒಂದು ಖಾನಾವಳಿಗೆ ಬರೆದುಕೊಟ್ಟೆ: "ಇಲ್ಲಿ ಉಂಡವರು ಬೇರೆಲ್ಲೂ ಉಣ್ಣುವುದಿಲ್ಲ." ಮಾಲಕ ಓದಿ ನನ್ನನ್ನು ಮೇಲೆ ಕೆಳಗೆ ನೋಡಿದ. "ಇದೇನ್ರಿ, ಉಂಡು ಸತ್ತಾರನ್ನೂ ಹಂಗೈತಲ್ಲ!" ಅಂದ. ಅಂದೇ ತಿಳಿಯಿತು, ಆ ಮಾತಿಗೆ ಪೇಟೆ ಇಲ್ಲ. ಅದಕ್ಕೆ ಗಿರಾಕಿ ಒಬ್ಬಳೇ ಇದ್ದಳು, ಅವಳು ಅದನ್ನು ದೇಸೂರದಲ್ಲೇ ಕೊಂಡಾಗಿತ್ತು.

ಮಾರಾಟಗಾರನನ್ನು ಕಳಿಸಿ ನಿನ್ನೆ ಊಟಕ್ಕೆ ಕೂತಾಗ ಇದೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಎದುರು ನನ್ನ ಹೆಂಡತಿ. ಊರಿಗೆಲ್ಲ ಬರೆದವನು ಈ ಒಬ್ಬ ಗಿರಾಕಿಗೆ ಏನೂ ಬರೆದಿಲ್ಲವಲ್ಲ ಅನಿಸಿತು. ಯಾವ ಧ್ವನಿ ಒಪ್ಪೀತೆಂದು ಮನಸ್ಸಿನಲ್ಲೇ ನಾಲ್ಕಾರು ತೂಗಿ ನೋಡಿ, ಎಲ್ಲ ಬಿಟ್ಟು, "ಪಲ್ಯಾ ಚಲೋ ಆಗೇತಿ" ಅಂದೆ.

ಅವಳು ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು. "ಯಾಕ, ಏನ ಮಾರಾಕ ಬಂದೀರಿ?"

"ಏನೂ ಇಲ್ಲ" ಅಂದೆ.

ನಂಬಲಿಲ್ಲ. ಆದರೆ ಪಲ್ಯದ ಬೋಗುಣಿಯನ್ನು ನನ್ನ ಕಡೆ ಸರಿಸಿದಳು.