ಮೂರು ಚಾನೆಲ್ಲಿನ ಟೀವಿ

ಮಹಮ್ಮದಹನೀಫನಿಗೆ ಕೂತಲ್ಲಿ ಕೂರುವುದು ಮೊದಲಿನಿಂದಲೂ ಆಗದ ಮಾತು. ತಂದೆಯ ರೇಡಿಯೊ ರಿಪೇರಿ ಅಂಗಡಿಯಲ್ಲಿದ್ದಾಗ ನಿಂತೇ ಬೆಸುಗೆ ಹಾಕುತ್ತಿದ್ದ. ಮುದ್ದೇಬಿಹಾಳದಲ್ಲಿ ಕೇಬಲ್ ದಂಧೆ ಶುರು ಮಾಡಿದ ಮೇಲಂತೂ ಗಾಳಿ ಬೀಸಿದರೆ ಊಟದ ತಾಟು ಬಿಟ್ಟು ಮಾಳಿಗೆಗೆ ಓಡುತ್ತಿದ್ದ. ಅಲ್ಲಿ ಡಿಶ್ ಆಂಟೆನಾಗಳಿದ್ದವು. ಊರವರು ಅವಕ್ಕೆ ಛತ್ರಿ ಅನ್ನುತ್ತಿದ್ದರು. ಛತ್ರಿ ಬೆರಳಷ್ಟು ಸರಿದರೂ ಸಾಕು, ಟೀವಿಯಲ್ಲಿ ಚಿತ್ರ ಹೋಗಿ ಸಜ್ಜೆ ಕಾಳು ಚೆಲ್ಲಿದಂತಾಗುತ್ತಿತ್ತು. ಮನೆಯ ಮುಂಕೋಣೆಯೇ ಅವನ ಕಂಟ್ರೋಲ್ ರೂಮ್. ಅಲ್ಲೊಂದು ಸಣ್ಣ ಕಲರ್ ಟೀವಿ. ಚಾನೆಲ್ಲುಗಳು ಸರಿಯಾಗಿ ಹೋಗುತ್ತಿವೆಯೇ ಎಂದು ನೋಡಲಿಕ್ಕೂ ಅದೇ, ಹೆಂಡತಿ ಸುಗ್ರಾ ಧಾರಾವಾಹಿ ನೋಡಲಿಕ್ಕೂ ಅದೇ.

ಎರಡು ಸಾವಿರದ ಒಂದರ ಶ್ರಾವಣದಲ್ಲಿ ಹಿಂದಿನ ಮನೆಯ ದುರ್ಗವ್ವ ಅವನಿಗೊಂದು ಕೆಲಸ ಹಚ್ಚಿದಳು. ಮೊಣಕಾಲು ನೋವಿನಿಂದ ಆ ವರ್ಷ ಆಕೆ ಮಠಕ್ಕೆ ನಡೆಯಲಾರದಾಗಿದ್ದಳು.

"ಹನೀಪಾ, ಸಂಜೀಕ ಮಠದಾಗ ಸ್ವಾಮಿಗೋಳ ಪ್ರವಚನ ನಡದೈತಿ. ಆ ಅಪ್ಪಗೋಳ ಮಾತು ನನ್ನ ಟೀವಿ ಡಬ್ಬಿಯೊಳಗ ಬರೂವಂಗ ಮಾಡೋ."

ಅವನು ಮೊದಲ ಬಾರಿ ಕೇಬಲ್ ಎಳೆದಾಗ ಓಣಿಯವರು ಬೇಡವೆಂದಿದ್ದರು. ತನ್ನ ಮಾಳಿಗೆಯ ಮೇಲೆ ಹಾಯಿಸಿಕೋ ಎಂದವಳು ದುರ್ಗವ್ವ ಒಬ್ಬಳೇ. ಹನೀಫ ಮಠದ ಅಂಗಳದಲ್ಲಿ ಕ್ಯಾಮೆರಾ ನಿಲ್ಲಿಸಿ, ಅಲ್ಲಿಂದ ತನ್ನ ಕೋಣೆಯವರೆಗೆ ವೈರ್ ಎಳೆದ. ತೊಡಕು ಇದ್ದದ್ದು ಬೇರೆ ಕಡೆ. ದುರ್ಗವ್ವನದು ಹಳೆಯ ಕಪ್ಪು-ಬಿಳುಪು ಟೀವಿ. ಅಂಥ ಟೀವಿಗಳಲ್ಲಿ ಮೊದಲಿನ ಮೂರು ಚಾನೆಲ್ಲಷ್ಟೇ ಸ್ವಚ್ಛವಾಗಿ ಕಾಣುತ್ತಿದ್ದವು. ಆ ಮೂರೂ ಜಾಗ ದೂರದರ್ಶನದವು, ಅಲ್ಲಿ ಬೇರೇನೂ ಬರಕೂಡದು ಎಂದು ಕಾಯಿದೆ. ಹನೀಫನಿಗೆ ಅದು ಗೊತ್ತಿತ್ತು. ಸಂಜೆ ಒಂದು ತಾಸು ತಾನೇ ಎಂದುಕೊಂಡು ಮೂರನೆಯದನ್ನು ತೆಗೆದು ಅಲ್ಲಿ ಪ್ರವಚನ ಹಚ್ಚಿದ.

ಯಾರೋ ಸರಕಾರಕ್ಕೆ ದೂರಿನ ಅರ್ಜಿ ಕೊಟ್ಟರು. ತಪಾಸಣೆಯ ಸಾಹೇಬರು ಬಂದು ನೋಡಿದರು.

"ದೇವರ ಮಾತು ಐತಿ, ನನಗೂ ಬೇಕು. ಆದ್ರ ಕಾಯಿದೆ ಕಾಯಿದೆನ. ಈ ವಾರದಾಗ ಮತ್ತ ಬರ್ತೇನಿ. ಮೂರೂ ಕಾಣಲಿಲ್ಲಂದ್ರ ಮಷೀನ ಎಲ್ಲಾ ಜಪ್ತಿ."

ಆ ಮಷೀನುಗಳೇ ಅವನ ಅನ್ನ. ಅಂದಿನಿಂದ ಚಹಾದ ಅಂಗಡಿಯಲ್ಲಿ ಯಾರನ್ನು ಕಂಡರೂ ಇವನೇ ಅರ್ಜಿ ಕೊಟ್ಟವನಿರಬಹುದೇ ಎಂದು ನೋಡುವುದಾಯಿತು. ಪ್ರವಚನ ತೆಗೆದರೆ ತನ್ನ ಹೆಸರು ನೋಡಿ ಜನ ಏನೆಂದಾರು ಎಂಬುದು ಒಳಗೆ ಕೊರೆಯುತ್ತಿತ್ತು. ಕೊನೆಗೆ ಪ್ರವಚನವನ್ನು ಹಳೆಯ ಟೀವಿಗಳಲ್ಲಿ ಕಾಣದ ಕೊನೆಯ ಚಾನೆಲ್ಲಿಗೆ ಸರಿಸಿ, ದೂರದರ್ಶನವನ್ನು ಮೊದಲಿನ ಹಾಗೆ ಹಚ್ಚಿದ. ಕಲರ್ ಟೀವಿಯವರಿಗೆ ಎರಡೂ ಸಿಕ್ಕವು. ದುರ್ಗವ್ವ ಗೋಡೆಯಾಚೆಯಿಂದ ಕೂಗಿದಳು:

"ಏ ಹನೀಪಾ! ಅಪ್ಪಗೋಳು ಹೋಗಿ ಯಾವಾಕಿನೋ ಬಂದು ಸುದ್ದಿ ಓದಾಕತ್ಯಾಳ! ಡೆಲ್ಲಿಯಾವ್ರಿಗೆ ನನ್ನ ಡಬ್ಬಿನ ಬೇಕಾಗಿತ್ತೇನು?"

ಹನೀಫ ಆ ರಾತ್ರಿ ಮಗ್ಗುಲು ಬದಲಿಸಿ ಬದಲಿಸಿ, ಬೆಳಗಾಗುತ್ತಲೇ ಕೋಣೆಯ ಕಲರ್ ಟೀವಿಯನ್ನು ಎತ್ತಿಕೊಂಡು ಹೋಗಿ ದುರ್ಗವ್ವನ ಕಟ್ಟೆಯ ಮೇಲಿಟ್ಟ. ಸುಗ್ರಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಊರಿಗೆಲ್ಲಾ ಟೀವಿ ತೋರಸ್ತೀರಿ. ನಾ ಇಲ್ಲಿ ಗ್ವಾಡಿ ನೋಡ್ಕೋತ ಕುಂಡ್ರಲೇನು?"

"ಶ್ರಾವಣ ಮುಗಿಯೂತನಾರಾ ತಡಕೋ."

ಅಂದು ಸಂಜೆ ಹಳೆಯ ಟೀವಿಯವರೆಲ್ಲ ದುರ್ಗವ್ವನ ಅಂಗಳಕ್ಕೆ ಬಂದು ಕೂತರು. ಹನೀಫನ ಸಂಕಟ ಮಾತ್ರ ಹೆಚ್ಚಾಯಿತು. ಗಾಳಿ ಜೋರಾಗಿತ್ತು. ಛತ್ರಿ ಸರಿದಿದೆಯೋ ಇಲ್ಲವೋ ನೋಡೋಣವೆಂದರೆ ಟೀವಿ ಇಲ್ಲ; ಮಷೀನಿನ ಕೆಂಪು ದೀಪ ನೋಡಿ ಏನು ತಿಳಿಯಬೇಕು? ಕೋಣೆಯಿಂದ ಓಣಿಗೆ, ಓಣಿಯಿಂದ ಕೋಣೆಗೆ ತಿರುಗುತ್ತಿದ್ದಾಗಲೇ ಸಾಹೇಬರು ಬಂದರು.

"ಎಲ್ಲೈತಿ ಟೀವಿ? ತೋರಸ್ರಿ."

ಪ್ರವಚನದ ಹೊತ್ತಾದ್ದರಿಂದ ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಹನೀಫ ಅವರನ್ನು ದುರ್ಗವ್ವನ ಅಂಗಳಕ್ಕೇ ಕರೆದೊಯ್ಯಬೇಕಾಯಿತು. ಪ್ರವಚನ ನಡೆದಿತ್ತು. ಸಾಹೇಬರು ಟೀವಿಯ ಗುಂಡಿಗೆ ಕೈ ಹಾಕಲು ಹೋದರು.

"ತಡೀರಿ ಸಾಹೇಬ್ರ, ಅಪ್ಪಗೋಳ ಮಾತು ನಡುವ ಮುರೀಬಾರ್ದು. ಮಂಗಳ ಆಗಲಿ," ಎಂದಳು ದುರ್ಗವ್ವ.

"ನಾ ಡ್ಯೂಟಿ ಮ್ಯಾಲ ಬಂದೇನಿ ಆಯಿ. ನನ್ನ ಬಸ್ ಹೋಗತೈತಿ."

"ಬಸ್ಸಿನಾಗೂ ಕುಂಡ್ರೂದ, ಇಲ್ಲೂ ಕುಂಡ್ರೂದ. ಬೂಟು ಬಿಚ್ಚಿ ಕುಂಡರ್ರಿ."

ಹೆಂಗಸರು ಸೆರಗಿನಲ್ಲಿ ನಕ್ಕರು. ಸಾಹೇಬರು ಬೂಟು ಬಿಚ್ಚಿ ಚಾಪೆಯ ತುದಿಯಲ್ಲಿ ಕೂತರು. ಹನೀಫ ಕಂಬಕ್ಕೆ ಒರಗಿ ನಿಂತ. ಅಪ್ಪಗಳು ಮನಸ್ಸಿನ ಚಾಂಚಲ್ಯದ ಕುರಿತು ಹೇಳುತ್ತಿದ್ದರು. ಅವನ ಕಣ್ಣೆಲ್ಲ ಮಾಳಿಗೆಯ ಮೇಲೆ ಅಲುಗುವ ಛತ್ರಿಯ ಮೇಲಿತ್ತು.

ಮಂಗಳವಾಯಿತು. ಹೆಂಗಸರು ಟೀವಿಗೆ ಕೈ ಮುಗಿದರು. ಸಾಹೇಬರು ಎದ್ದು ಗುಂಡಿ ಒತ್ತಿದರು. ಮೊದಲನೆಯದು ಬಂತು. ಎರಡನೆಯದೂ ಬಂತು. ಮೂರನೆಯದರಲ್ಲಿ ಬರೀ ಸಜ್ಜೆ ಕಾಳು.

ಹನೀಫ ನಿಲ್ಲಲಿಲ್ಲ. ಗೋಡೆ ಹಾರಿ, ನಿಚ್ಚಣಿಕೆ ಏರಿ, ಮೂರನೆಯದರ ಛತ್ರಿ ಹಿಡಿದು ಸರಿಸುತ್ತ ಮೇಲಿನಿಂದಲೇ ಕೂಗಿದ:

"ಬಂತೇನ ಆಯೀ?"

"ಇಲ್ಲೋ!"

"ಈಗ?"

"ಬಂತ... ಹೋತ!"

"ಹೋಗಿಲ್ಲ ಆಯಿ, ನೆರಳು ಕಾಣಾಕತ್ತೈತಿ," ಎಂದರು ಸಾಹೇಬರು. ಆಮೇಲೆ ಅಂಗಳದ ನಡುವೆ ಬಂದು, ಬರಿಗಾಲಲ್ಲಿ ನಿಂತು, ತಾವೇ ಕೂಗತೊಡಗಿದರು: "ಎಡಕ್ಕ ಸರಸ್ರಿ! ಇನ್ನೊಂಚೂರು! ಭಾಳ ಆತು, ಹಿಂದಕ್ಕ ತರ್ರಿ! ಹಾಂ, ಬಂತು! ಬಂತು! ಹಂಗ ಇರ್ಲಿ!"

ಅಂಗಳದಲ್ಲಿ ಚಪ್ಪಾಳೆಯಾಯಿತು. ಸಾಹೇಬರು ಮೂರನ್ನೂ ಮತ್ತೊಮ್ಮೆ ತಿರುವಿ ನೋಡಿ, ಬೂಟು ಹಾಕಿಕೊಂಡರು.

"ಮೂರೂ ಅದಾವ್ರಿ ಹನೀಫ. ಬರ್ತೇನಿ."

"ಇಳದ ಬಾರೋ," ಎಂದಳು ದುರ್ಗವ್ವ, "ಚಹಾ ಇಟ್ಟೇನಿ. ಇನ್ನೂ ಅದನ್ಯಾಕ ಅಪ್ಪಿಕೊಂಡು ನಿಂತಿ?"

ಗಾಳಿ ನಿಂತಿರಲಿಲ್ಲ. ಹನೀಫ ಎರಡೂ ಕೈಯಿಂದ ಛತ್ರಿಯನ್ನು ಬಿಗಿಹಿಡಿದೇ ನಿಂತಿದ್ದ.

"ಸಾಹೇಬ್ರು ಬಸ್ ಹತ್ತಿದ್ರೇನು ಯಾರನ್ನರಾ ಕಳಿಸಿ ನೋಡ ಆಯಿ. ಆಮ್ಯಾಲ ಕೈ ಬಿಡ್ತೇನಿ."